ಉಕುಸ್

ಇಪ್ಪತ್ತೆರಡು ವರ್ಷಕ್ಕೆ ನಮ್ಮ ನಿಘಂಟು ಉ ಅಕ್ಷರಕ್ಕೆ ಬಂತು.
ನೋವಿ ಸಾದಿನ ಕಚೇರಿ, ಮೂರನೆಯ ಮಹಡಿ,
ಕಿಟಕಿಯಾಚೆ ದಾನ್ಯೂಬ್,
ಒಳಗೆ ಒಂದೇ ಹೀಟರು, ಅದರೆದುರು
ಇಬ್ಬರು ಸಂಪಾದಕರ ನಾಲ್ಕು ಮೊಣಕಾಲು.

ಉಕುಸ್ ಅಂದರೆ ರುಚಿ. ಅಷ್ಟು ಎಲ್ಲರಿಗೂ ಗೊತ್ತು.
ಎಲ್ಲಿಂದ ಬಂತು ಅನ್ನುವುದಕ್ಕೆ ಜಗಳ.

ತಿಹೋಮಿರ್, ಹೆಸರಿನಲ್ಲೇ ಶಾಂತಿ ಇಟ್ಟುಕೊಂಡ ಮನುಷ್ಯ,
ಮೇಜು ಕುಟ್ಟಿ ಹೇಳುತ್ತಾನೆ:
ಕುಸ್ ಅಂದರೆ ತುಣುಕು, ಕಚ್ಚಿ ತೆಗೆದ ತುತ್ತು.
ಹಿಂದೆ ಅದರ ಹೊಟ್ಟೆಯಲ್ಲಿ ಮೂಗಿನದೊಂದು ಸ್ವರವಿತ್ತು,
ನಾವು ಉದುರಿಸಿಕೊಂಡೆವು, ಪೋಲರು ಇನ್ನೂ
ನೆಗಡಿ ಬಂದವರ ಹಾಗೆ ಕಾಪಾಡಿಕೊಂಡಿದ್ದಾರೆ.
ಕಚ್ಚಿದ್ದೇ ರುಚಿ. ಹಲ್ಲಿಗೆ ಹುಟ್ಟಿದ ಪದ,
ನಮ್ಮದೇ ಹಲ್ಲು.

ಲ್ಯುಬಿಂಕಾ ಕನ್ನಡಕ ಒರೆಸುತ್ತ:
ಅಲ್ಲ. ಗಾಥರು ಕುದುರೆ ಬಿಚ್ಚಿ ಇಳಿದ ಕಾಲಕ್ಕೆ
ಕೌಸ್ಯನ್ ಎಂಬ ಮಾತೊಂದನ್ನು ಬಿಟ್ಟು ಹೋದರು.
ಪರೀಕ್ಷಿಸು, ನಾಲಗೆಯ ತುದಿಗಿಟ್ಟು ತೂಗು.
ಅದರ ಸಂತಾನ ನೋಡಿ:
ಇಸ್ಕುಶೆನ್ಯೆ, ಆಸೆಯ ಬಲೆ.
ಇಸ್ಕುಸ್ತ್ವೊ, ಅನುಭವ. ಅದರ ತಂಗಿ
ರಷ್ಯಕ್ಕೆ ಮದುವೆಯಾಗಿ ಹೋಗಿ ಕಲೆ ಅನ್ನಿಸಿಕೊಂಡಳು.
ಬರೀ ಹಲ್ಲಿಗೆ ಇಷ್ಟೆಲ್ಲ ಹುಟ್ಟುವುದುಂಟೇ?

ಹಾಗಾದರೆ ಎರವಲು ಅನ್ನಿ, ಅಂದ ಅವನು,
ತಾಯಿಯ ಮೇಲೆ ಯಾರೋ ಮಾತು ತಂದ ಹಾಗೆ.

ನನ್ನನ್ನು ಬಸ್ಸು ಹತ್ತಿಸಿದರು.
ನೂರು ಖಾಲಿ ಚೀಟಿ, ಒಂದು ಪೆನ್ಸಿಲು.
ದ್ರೀನಾ ಮೇಲುದಂಡೆಯ ಊರು, ಸೆಪ್ಟೆಂಬರ್ ಕೊನೆ,
ಪ್ಲಮ್ ಹಣ್ಣಿನ ಮೈಮೇಲೆ ನೀಲಿ ಬೂದಿ.
ವುಕೊಸಾವಾಳ ಅಂಗಳದಲ್ಲಿ ತಾಮ್ರದ ಕಡಾಯಿ
ನಿನ್ನೆ ಸಂಜೆಯಿಂದ ಕುದಿಯುತ್ತಿದೆ. ಸಕ್ಕರೆ ಇಲ್ಲ.
ಹಣ್ಣು, ಬೆಂಕಿ, ನಿದ್ದೆಗೆಟ್ಟ ಕೈ.

ನಿಮ್ಮೂರಲ್ಲಿ ರುಚಿಗೆ ಏನನ್ನುತ್ತೀರಿ?
ಚೀಟಿಯ ಪ್ರಶ್ನೆ ಓದಿದೆ.
ಅವಳು ಕೇಳಿಸದವಳಂತೆ ಮರದ ಹುಟ್ಟು ಕೈಗೆ ಕೊಟ್ಟಳು.
ತಳ ಹತ್ತಿತೋ, ನಿನ್ನನ್ನೂ ಒಳಗೆ ಹಾಕುತ್ತೇನೆ.

ಮೂರು ಗಂಟೆ ತಿರುವಿದೆ.
ಆಮೇಲೆ ಚಮಚದ ತುದಿಯಲ್ಲಿ ಕಪ್ಪು ಹನಿ.
ರುಚಿ ನೋಡು, ಅಂದಳು.
ನೋಡಿದೆ. ಮೊದಲು ಸುಟ್ಟಿತು. ಆಮೇಲೆ ಹುಳಿ.
ಆಮೇಲೆ, ತುಂಬ ತಡವಾಗಿ,
ಬಾಗಿಲ ಸಂದಿನಲ್ಲಿ ನಿಂತ ನಾಚಿಕೆಯ ಮಗುವಿನಂತೆ
ಸಿಹಿ.

ತಿಹೋಮಿರನ ವಾದ ಹೇಳಿದೆ.
ಅವಳು ಬಾಯಿ ತೆರೆದು ತೋರಿಸಿದಳು.
ಒಂದು ಹಲ್ಲಿಲ್ಲ. ಒಸಡು, ಎಳೆಗೂಸಿನ ಹಾಗೆ ಗುಲಾಬಿ.

ಕಚ್ಚುವುದಾ? ಹದಿನೇಳು ವರ್ಷವಾಯಿತು ಕಚ್ಚಿ.
ಆದರೂ ಈ ಕಣಿವೆಯಲ್ಲಿ ಮದುವೆಯಾದರೆ
ಉಪ್ಪು ಸಾಕೋ ಸಾಲದೋ ಹೇಳುವವಳು ನಾನೇ.
ಹಲ್ಲಿದ್ದಾಗ ಅವಸರ, ನುಂಗಿಬಿಡುತ್ತಿದ್ದೆ.
ಈಗ ಬಾಯೊಳಗೆ ಕೂರಿಸಿ ವಿಚಾರಿಸುತ್ತೇನೆ:
ಯಾರಮ್ಮ ನೀನು, ಯಾವ ಮರದವಳು?

ಲ್ಯುಬಿಂಕಾ ಗೆದ್ದಳು ಅಂದುಕೊಂಡು
ಗಾಥರ ಕಥೆಯನ್ನೂ ಹೇಳಿದೆ.
ಎರವಲು ಅನ್ನುವ ಪದಕ್ಕೆ ಅವಳ ಹುಬ್ಬು ಏರಿತು.
ಈ ಕಡಾಯಿಯ ಹೆಸರು ತುರ್ಕರದು,
ಒಳಗಿರುವ ಪೆಕ್ಮೆಜಿನ ಹೆಸರೂ ಅವರದೇ,
ನಮ್ಮ ಮೇಷ್ಟ್ರು ಹೇಳುತ್ತಿದ್ದರು.
ಹಾಗಂತ ರಾತ್ರಿಯಿಡೀ ತಿರುವಿದವರು ಅವರೇನು?

ಬರೆದುಕೊಳ್ಳಲು ಹೋದೆ. ಪೆನ್ಸಿಲು ಜಾರಿತು.
ಚೀಟಿಯ ಮೇಲೆ ಉಳಿದದ್ದು ಹೆಬ್ಬೆರಳು, ಕಡುನೇರಳೆ.
ಅದನ್ನೇ ತಂದುಕೊಟ್ಟೆ.
ತಿಹೋಮಿರ್ ಮೂಸಿದ.
ಲ್ಯುಬಿಂಕಾ, ಯಾರೂ ನೋಡುತ್ತಿಲ್ಲವೆಂದುಕೊಂಡು,
ನಾಲಗೆ ತಾಕಿಸಿದಳು.
ಮಧ್ಯಾಹ್ನ ಮತ್ತೆ ಜಗಳ.

ಸಂಪುಟ ಅಚ್ಚಾಗಿ ಬಂತು. ಮೂಲ: ಅನಿಶ್ಚಿತ.
ಚೀಟಿ ಮಾತ್ರ ಪೆಟ್ಟಿಗೆಯಲ್ಲಿ
ತನ್ನ ಹಿಂದಿನದಕ್ಕೆ ಅಂಟಿಕೊಂಡು ಕೂತಿದೆ.
ಉಕುಪ್ನೊ, ಅಂದರೆ ಒಟ್ಟು.
ಬಿಡಿಸಲು ಹೋದರೆ ಎರಡೂ ಹರಿಯುತ್ತವೆ.